ತಮ್ಮನ್ನು ತಾವೇ ಬೈದುಕೊಂಡವರು

ಸುಖೀ ದಾಂಪತ್ಯದ ಮೇಲಿನ ಇಂಗ್ಲಿಷ್ ಪುಸ್ತಕವೊಂದನ್ನು ಸ್ಪ್ಯಾನಿಷ್‌ಗೆ ಅನುವಾದಿಸುತ್ತಿದ್ದ ಗಂಡ ಹೆಂಡತಿ ಅಂದು ಬೆಳಗ್ಗೆಯೇ ಮಾತು ಬಿಟ್ಟಿದ್ದರು. ಪುಸ್ತಕಕ್ಕೆ ಇದಕ್ಕಿಂತ ಅವಮಾನ ಬೇಕೆ?

ಜಗಳ ಕೋಣೆಯದ್ದು. ಗಂಡನ ಅಕ್ಕ ಸಣ್ಣ ಮನೆಗೆ ಹೋಗುವವಳಿದ್ದಳು. ಹೆಚ್ಚಾದ ಸಾಮಾನು ನಮ್ಮಲ್ಲೇ ಇಡು, ಕಿಟಕಿ ಪಕ್ಕದ ಕೋಣೆ ಖಾಲಿ ಮಾಡಿಕೊಡುತ್ತೇವೆ ಎಂದು ಈ ಮಹಾರಾಯ ಮಾತು ಕೊಟ್ಟುಬಿಟ್ಟಿದ್ದ. ಆ ಕೋಣೆ ಹೆಂಡತಿಯದು. ಅವಳ ಮೇಜು, ಅವಳ ನಿಘಂಟುಗಳು, ಬಾಗಿಲು ಹಾಕಿಕೊಂಡರೆ ಅವಳದೇ ರಾಜ್ಯ. ತನ್ನನ್ನು ಒಂದು ಮಾತು ಕೇಳಲಿಲ್ಲವಲ್ಲ ಎಂದು ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಸಂಜೆ ಲಾರಿ ಬರುವುದಿತ್ತು. "ನೀವೇ ಫೋನ್ ಮಾಡಿ ಬೇಡ ಅನ್ನಿ" ಎಂದರೆ, ಅಕ್ಕನ ಹೆಸರೆತ್ತಿದರೆ ಬಾಲ ಮುದುರುವ ಆತ "ನೋಡೋಣ" ಎಂದು ಗೋಡೆ ನೋಡಿದ್ದ. ಮಾತು ನಿಂತದ್ದು ಅಲ್ಲಿಗೆ.

ಮಾತು ಬಿಡಬಹುದು, ಕೆಲಸ ಬಿಡುವಂತಿರಲಿಲ್ಲ. ಸ್ಪ್ಯಾನಿಷ್‌ನಲ್ಲಿ 'ಸೆ' ಎಂಬ ಗಿಡ್ಡ ಪದವೊಂದಿದೆ, ಮಹಾ ಎಡಬಿಡಂಗಿ. ಇಬ್ಬರು ತಮ್ಮನ್ನು ತಾವೇ ಬೈದುಕೊಂಡರೂ ಅದೇ, ಒಬ್ಬರನ್ನೊಬ್ಬರು ಬೈದರೂ ಅದೇ. ಯಾವುದೆಂದು ಬಿಡಿಸಿ ಹೇಳಲು ಇನ್ನೊಂದೆರಡು ಪದ ಸೇರಿಸಬೇಕು. ಅದಕ್ಕೆಂದೇ ಇವರದೊಂದು ಪದ್ಧತಿ ಇತ್ತು: ಅನುಮಾನದ ವಾಕ್ಯ ಬಂದರೆ ಎದ್ದು ನಿಂತು ಮಾಡಿ ತೋರಿಸುವುದು. ಸುಳ್ಳು ಹೇಳುವಂತಿಲ್ಲ, ಇನ್ನೊಬ್ಬರು ಅಡ್ಡ ಬಾಯಿ ಹಾಕುವಂತಿಲ್ಲ. ನೆಂಟರಿಗೆಲ್ಲ ಇದು ಪುಕ್ಕಟೆ ನಾಟಕ. ಅಕ್ಕನಂತೂ ಎದುರು ಕೂತು ಚಪ್ಪಾಳೆ ಹೊಡೆದಿದ್ದಳು.

ಆ ದಿನ ಅಂಥದೇ ಒಂದು ವಾಕ್ಯ ಎದುರಾದಾಗ ಹೆಂಡತಿಗೆ ಕಿತಾಪತಿ ಹೊಳೆಯಿತು. ನಿಘಂಟಿನ ಮರೆಯಲ್ಲಿ ಅಕ್ಕನಿಗೆ ಫೋನ್ ಹಚ್ಚಿ, ಆಕೆ ಎತ್ತಿದ್ದು ಕಂಡ ಮೇಲೆ ತಲೆಯೆತ್ತಿದಳು.

"ಏಳಿ. 'ಗಂಡ ಹೆಂಡತಿ ತಮ್ಮನ್ನು ತಾವೇ ಬೈದುಕೊಳ್ತಾರೆ.' ಮಾಡಿ ತೋರಿಸಿ."

ಗಂಡ ಎದ್ದ.

"ತಪ್ಪು ನಂದೇ. ನಿನ್ನ ಕೇಳದೆ ನಿನ್ನ ಕೋಣೆ ಕೊಡ್ತೀನಿ ಅಂದೆ. ಈಗ ಬೇಡ ಅನ್ನೋಕೆ ಧೈರ್ಯ ಇಲ್ಲ. ಅಕ್ಕ ಅಂದ್ರೆ ನಂಗೆ ಈಗ್ಲೂ ಕೈಕಾಲು ನಡುಗುತ್ತೆ ಕಣೇ."

ಅವಳಿಗೆ ಪಾಪ ಅನ್ನಿಸಿಬಿಟ್ಟಿತು. ಫೋನ್ ಕಟ್ ಮಾಡೋಣವೆಂದು ಬೆರಳಿಟ್ಟರೆ, ಗಡಿಬಿಡಿಯಲ್ಲಿ ಒತ್ತಿದ್ದು ಸ್ಪೀಕರನ್ನು.

"ನಡುಗಿದ್ದು ಸಾಕು, ಕೂತ್ಕೊಳ್ಳೋ," ಎಂದಿತು ಅಕ್ಕನ ದನಿ. "ಮೊದ್ಲೇ ಹೇಳಿದ್ರೆ ನಿನ್ನ ನುಂಗಿಬಿಡ್ತಿದ್ನಾ? ಲಾರಿಯವನಿಗೆ ಬೇಡ ಅಂತೀನಿ ಬಿಡು."

ಗಂಡ ಕುರ್ಚಿಗೆ ಕುಸಿದ. ಕೋಣೆ ಉಳಿಯಿತೆಂದು ಹೆಂಡತಿ ಹಿಗ್ಗುವಷ್ಟರಲ್ಲಿ ಅಕ್ಕ ಮುಂದುವರಿಸಿದಳು. "ಅವನದಾಯ್ತು. ಗಂಡ ಹೆಂಡತಿ ಅಂದ್ರೆ ಇಬ್ರೂ ಅಲ್ವೇನಮ್ಮಾ? ಏಳು ನೀನೂ."

ಪದ್ಧತಿಯೆಂದರೆ ಪದ್ಧತಿ. ಅವಳು ಎದ್ದಳು.

"ಕದ್ದು ಫೋನ್ ಮಾಡಿದ್ದು ನಾನೇ ಅಕ್ಕಾ."

"ಅದು ಗೊತ್ತಾಯ್ತು. ಇನ್ನೂ?"

"ಮಧ್ಯಾಹ್ನ ಕೆಲಸ ಇದೆ ಅಂತ ಬಾಗಿಲು ಹಾಕ್ಕೊಂಡು... ಮೇಜಿನ ಮೇಲೆ ತಲೆಯಿಟ್ಟು ನಿದ್ದೆ ಹೊಡೀತೀನಿ."

ಗಂಡ ಬಾಯಿ ತೆರೆದ. ಅಡ್ಡ ಬಾಯಿ ಹಾಕುವಂತಿರಲಿಲ್ಲ, ಮುಚ್ಚಿಕೊಂಡ.

"ಅಯ್ಯೋ, ಮೇಜಿನ ಮೇಲಾ? ಕತ್ತು ಉಳುಕಲ್ವಾ?" ಅಕ್ಕನಿಗೆ ನಿಜಕ್ಕೂ ಕರುಳು ಚುರುಕ್ ಎಂದಿತ್ತು. "ತಡಿ, ಲಾರಿ ಬರ್ಲಿ. ನನ್ನ ದೊಡ್ಡ ಮಂಚ ಕಳಿಸ್ತೀನಿ. ಕೋಣೆ ತುಂಬಾ ಅದೊಂದೇ ಆಗುತ್ತೆ, ಹಾಯಾಗಿ ಮಲಕ್ಕೋ."