ಎಲೆ ಉದುರಿದ ದೇಶ

ಗೋಡೆ ತುಂಬ ಹರಡಿದ್ದ ಲೋಕದ ನಕ್ಷೆಯನ್ನು ಮಧ್ಯಾಹ್ನ ದೇಶದೇಶಗಳ ಅತಿಥಿಗಳಿಗೆ ತೋರಿಸಬೇಕಿತ್ತು. ಯಾವ ದೇಶದ ನೆಲ ಮತ್ತು ಕಾಡು ತಾವು ಹೀರುವುದಕ್ಕಿಂತ ಹೆಚ್ಚು ಇಂಗಾಲ ಉಗುಳುತ್ತವೋ ಅದಕ್ಕೆ ಕೆಂಪು ಬಟ್ಟೆಯ ತುಂಡು. ಹೀರುವುದೇ ಹೆಚ್ಚಾದರೆ ಹಸಿರು. ವರ್ಷವಿಡೀ ಲೆಕ್ಕ ಹಾಕಿ, ಕೊನೆಗೆ ಬಟ್ಟೆಯನ್ನೂ ತಾನೇ ಕತ್ತರಿಸಿ ಅಂಟಿಸಿದವಳನ್ನು ಕಚೇರಿಯವರು ನಕ್ಷೆಯಮ್ಮ ಎಂದೇ ಕರೆಯುತ್ತಿದ್ದರು. ಅವಳು ಏಣಿಯ ಮೇಲೆ ನಿಂತು, ಏಳುತ್ತಿದ್ದ ಒಂದು ಅಂಚನ್ನು ಅಂಗೈಯಿಂದ ಒತ್ತುತ್ತಿದ್ದಳು.

"ನಮ್ಮ ಕಾಡನ್ನ ಯಾರು ಹೊತ್ಕೊಂಡು ಹೋದ್ರಮ್ಮಾ?"

ಕೆಳಗೆ ಒಂದು ಪುಟ್ಟ ದೇಶದ ಅರಣ್ಯಾಧಿಕಾರಿಣಿ ನಿಂತಿದ್ದರು. ಕೈಯಲ್ಲಿದ್ದ ಪೆಟ್ಟಿಗೆಯನ್ನು ಇನ್ನೂ ಇಳಿಸಿರಲಿಲ್ಲ. ನಕ್ಷೆಯಲ್ಲಿ ಅವರ ದೇಶ ಕಡುಗೆಂಪು.

"ಆಕಾಶದಿಂದ ತೆಗೆದ ಚಿತ್ರ ಅಕ್ಕಾ. ಹೋದ ವರ್ಷ ಹಸಿರಿತ್ತು, ಈ ವರ್ಷ ನೆಲ ಕಾಣ್ತಿದೆ."

"ಒಂದು ಮರಕ್ಕೂ ಕೊಡಲಿ ತಾಗಿಲ್ಲ! ಊರೂರು ಅಲೆದು, ಜನರ ಕೈಕಾಲು ಹಿಡಿದು ಕಾಡು ಕಾಯಿಸಿದೀನಿ. ಈ ಕೆಂಪು ನೋಡಿದ್ರೆ ಸಸಿ ಬೆಳೆಸೋಕೆ ಬರೋ ನೆರವೂ ನಿಂತ್ಹೋಗುತ್ತೆ. ಆ ಊರವರಿಗೆಲ್ಲ ಯಾವ ಮುಖ ತೋರಿಸ್ಲಿ?"

ಮನೆಯಲ್ಲಿ ಮಕ್ಕಳ ಜಗಳ ಬಿಡಿಸಿ ಪಳಗಿದ್ದ ನಕ್ಷೆಯಮ್ಮನಿಗೆ, ಕಣ್ಣು ತುಂಬಿಕೊಂಡವರ ಮಾತನ್ನು ಮೊದಲು ಕೇಳಬೇಕೆಂದು ಗೊತ್ತಿತ್ತು. ಏಣಿ ಇಳಿದು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪರದೆಯ ಮೇಲೆ ಎರಡೂ ಚಿತ್ರ ತೆರೆದಳು. ಹೊಸದು ಕನ್ನಡಿಯಷ್ಟು ತಿಳಿ. ಮೋಡದ ಚೂರೂ ಇಲ್ಲವೆಂದೇ ಅವಳು ಅದನ್ನು ಹುಡುಕಿ ಹುಡುಕಿ ಆರಿಸಿದ್ದಳು. ಹಿಗ್ಗಿಸಿದಳು. ಬೋಳು ನೆಲದ ತುಂಬ ಬಾಚಣಿಗೆಯ ಹಲ್ಲುಗಳಂತೆ ಸಣ್ಣ ಸಣ್ಣ ಗೆರೆಗಳು.

"ಅಯ್ಯೋ, ಇವೆಲ್ಲ ನೆರಳು! ಮರ ಇಲ್ಲದೆ ನೆರಳೆಲ್ಲಿಂದ ಬರುತ್ತೆ? ಅಕ್ಕಾ, ನಿಮ್ಮ ಮರ ಎಲೆ ಉದುರಿಸ್ತಾವಾ?"

"ಉದುರಿಸದೇ ಏನು? ತಿಳಿ ಆಕಾಶ ಇರೋದೇ ಆ ತಿಂಗಳಲ್ಲಿ. ತಲೆ ಬೋಳಿಸ್ಕೊಂಡವನನ್ನ ಸತ್ತ ಅಂತ ಬರ್ಕೊಳ್ತೀಯಾ ತಾಯಿ?"

ನಕ್ಷೆಯಮ್ಮನಿಗೆ ನಾಚಿಕೆಯೂ ನಗುವೂ ಒಟ್ಟೊಟ್ಟಿಗೆ ಉಕ್ಕಿದವು. ಎಲೆ ತುಂಬಿದ ತಿಂಗಳಿನ ಮೋಡ ಮುಸುಕಿದ ಚಿತ್ರಗಳನ್ನು ತಂದು, ಒಂದರ ತೂತಿಗೆ ಇನ್ನೊಂದರ ತೇಪೆ ಹಾಕಿ ಹೊಸದಾಗಿ ಲೆಕ್ಕ ಹಾಕಿದಳು. ಅಂಕಿ ಸೊನ್ನೆಗಿಂತ ಕೆಳಗಿಳಿಯಿತು. ಆ ಕಾಡು ಉಗುಳುವುದಕ್ಕಿಂತ ಎಷ್ಟೋ ಹೆಚ್ಚು ಹೀರುತ್ತಿತ್ತು.

ಅಷ್ಟರಲ್ಲಿ ಕಚೇರಿಯ ಹಿರಿಯರು ಬಾಗಿಲಲ್ಲಿ ಇಣುಕಿದರು. "ಅತಿಥಿಗಳೆಲ್ಲ ಬಂದಾಯ್ತಮ್ಮಾ, ಬಾಗಿಲು ತೆರೆಯೋಣವಾ?"

"ತಪ್ಪು ನಂದು ಸಾರ್. ಚಂದದ ಚಿತ್ರಕ್ಕೆ ಮರುಳಾದೆ. ಕಾಲು ಗಂಟೆ ಕೊಡಿ."

"ಹೊರಗೆ ಅಷ್ಟು ಜನ ಕಾಯ್ತಿದಾರಲ್ಲ!"

"ಕಾಯ್ಲಿ ಬಿಡಿ. ಮರಗಳು ಚಿಗುರಿಗೆ ತಿಂಗಳುಗಟ್ಟಲೆ ಕಾಯಲ್ವಾ?" ಎಂದ ಅಧಿಕಾರಿಣಿ ಆಗಲೇ ಏಣಿ ಹತ್ತಿ, ಉಗುರಿನಿಂದ ಕೆಂಪನ್ನು ಕೀಳುತ್ತಿದ್ದರು. ನಕ್ಷೆಯಮ್ಮ ಹಸಿರನ್ನು ಕತ್ತರಿಸಿಕೊಟ್ಟಳು. ಅವರು ಅದನ್ನು ಸೊಟ್ಟಗೆ ಅಂಟಿಸಿದರು. ಸಮುದ್ರಕ್ಕೂ ಒಂದಿಷ್ಟು ಹಸಿರು ಚಾಚಿತು. ಹಿರಿಯರೂ ನಕ್ಕುಬಿಟ್ಟರು.

ಬಾಗಿಲು ತೆರೆದದ್ದೇ ತಡ, ನೆರೆದೇಶದ ಅಧಿಕಾರಿ ಸುದ್ದಿ ಕೇಳಿ ಓಡಿಬಂದರು. "ನಮ್ಮದೂ ಕೆಂಪು, ಅದನ್ನೂ ಒಂದ್ಸಲ ನೋಡಮ್ಮಾ!"

ನಕ್ಷೆಯಮ್ಮ ತಾಳ್ಮೆಯಿಂದ ಎಲ್ಲ ತಿಂಗಳ ಚಿತ್ರಗಳನ್ನೂ ತಿರುವಿದಳು. ಪಾಪ, ಎಲ್ಲದರಲ್ಲೂ ನೆಲವೇ.

"ಇಲ್ಲ ಅಣ್ಣಾ. ನಿಮ್ಮದು ನಿಜವಾದ ಕೆಂಪೇ."

ಅವರು ಗಡ್ಡ ಕೆರೆದುಕೊಳ್ಳುತ್ತ ಪಕ್ಕದಲ್ಲಿದ್ದ ಅರಣ್ಯಾಧಿಕಾರಿಣಿಯತ್ತ ತಿರುಗಿದರು. "ನಿಮ್ಮ ಕಾಡಿನ ಬೀಜ ನಮ್ಮ ಮಣ್ಣಲ್ಲಿ ಹುಟ್ಟುತ್ತಾ?"

"ಚೀಲ ತಗೊಂಡು ಬನ್ನಿ, ಹುಟ್ಟಿಸೋಣ," ಎಂದರು ಅಧಿಕಾರಿಣಿ, "ಚಿಕ್ಕದು ಬೇಡ, ದೊಡ್ಡದೇ ತನ್ನಿ."