ಕಂಪ್ಯೂಟರಿನಲ್ಲಿ ಟಿಕೆಟ್ ತಪಾಸಣೆ

ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರನ್ನು ಮನೆಯಲ್ಲಿ ಸುಮ್ಮನೆ ಕೂರಿಸಬಾರದು. ಕೂರಿಸಿದರೆ ಅವರು ಇನ್ಯಾರದಾದರೂ ಟಿಕೆಟ್ ಕೇಳತೊಡಗುತ್ತಾರೆ. ಬೀದಿಯವರೆಲ್ಲ ಸಾಹೇಬರೆಂದು ಕರೆಯುತ್ತಿದ್ದ ಅಂಥ ಒಬ್ಬರ ಕೈಗೆ ಸಿಕ್ಕಿದ್ದು ಮನೆಯ ಕಂಪ್ಯೂಟರು.

ಕಿಟಕಿಯ ಪಕ್ಕದ ಮೇಜಿನ ಮೇಲಿದ್ದ ಆ ಒಂದೇ ಕಂಪ್ಯೂಟರಿಗೆ ಇಬ್ಬರು ಒಡೆಯರು. ಬೆಳಗಿನ ಹೊತ್ತು ಅದು ಹೆಂಡತಿಯದು. ಆಕೆ ಪತ್ರಿಕೆಗೆ ಪದಬಂಧ ಹೆಣೆಯುವವಳು. ಸಂಜೆಯಾದರೆ ಸಾಹೇಬರದು. ಊರಿನ ಆಚೆ ತುದಿಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಭಾವಮೈದುನನ ಜೊತೆ ಅವರು ಅದರಲ್ಲಿ ರಮ್ಮಿ ಆಡುತ್ತಿದ್ದರು. ಆಡುತ್ತಿದ್ದರು ಅನ್ನುವುದಕ್ಕಿಂತ ಸೋಲುತ್ತಿದ್ದರು ಅನ್ನುವುದೇ ಸರಿ. ಭಾವಮೈದುನ ಅವರ ಎಲೆಗಳನ್ನು ಕಂಡವನ ಹಾಗೆ ಆಡುತ್ತಿದ್ದ.

ಇತ್ತೀಚೆಗೆ ಕಂಪ್ಯೂಟರು ಬಸುರಿ ಹೆಂಗಸಿನಂತೆ ಏದುಸಿರು ಬಿಡುತ್ತಿತ್ತು. ಒಂದು ಅಕ್ಷರ ಒತ್ತಿದರೆ ಅದು ಪರದೆಯ ಮೇಲೆ ಮೂಡುವಷ್ಟರಲ್ಲಿ ಪದಬಂಧದವಳಿಗೆ ಯೋಚಿಸಿದ ಪದವೇ ಮರೆತುಹೋಗುತ್ತಿತ್ತು.

"ರೀ, ಇದಕ್ಕೇನೋ ಆಗಿದೆ ನೋಡಿ. ನನ್ನ ತಮ್ಮನ್ನ ಕರೀರಿ, ಅವನಿಗೆ ಗೊತ್ತಾಗತ್ತೆ."

"ಅವನ್ಯಾಕೆ? ನಾನಿಲ್ವಾ?" ಅಂದರು ಸಾಹೇಬರು.

ಅಲ್ಲಿ ಇಲ್ಲಿ ಒತ್ತಿದಾಗ ಹೇಗೋ ಪರದೆಯ ಮೇಲೆ ಒಂದು ಕಿಟಕಿ ತೆರೆದುಕೊಂಡಿತು. ಯಂತ್ರದೊಳಗೆ ಆ ಗಳಿಗೆಯಲ್ಲಿ ಓಡುತ್ತಿದ್ದ ಎಲ್ಲ ಕೆಲಸಗಳ ಹೆಸರುಗಳೂ ಅದರಲ್ಲಿ ಉದ್ದಕ್ಕೆ ಸಾಲಾಗಿ ನಿಂತಿದ್ದವು. ಸಾಹೇಬರು ಕನ್ನಡಕ ಸರಿಮಾಡಿಕೊಂಡರು. ತುಂಬಿ ತುಳುಕುವ ಬೋಗಿಗೆ ಕಾಲಿಟ್ಟಾಗಿನ ಹಳೆಯ ಸುಖ ಅವರ ಬೆನ್ನುಮೂಳೆಯಲ್ಲಿ ಹರಿದಾಡಿತು. ಮನೆಯವರು ಇಬ್ಬರೇ, ಒಳಗೆ ಇಷ್ಟೊಂದು ಜನ ಯಾರು? ಒಬ್ಬನ ಹೆಸರೂ ಬಾಯಲ್ಲಿ ನಿಲ್ಲುವಂಥದ್ದಲ್ಲ. ಕರೆದವರಿಲ್ಲ, ಕೇಳಿದವರಿಲ್ಲ, ಕೂತು ಉಣ್ಣುತ್ತಿದ್ದಾರೆ.

"ಇಳಿಯಪ್ಪಾ," ಎಂದು ಮೊದಲನೆಯವನ ಮೇಲೆ ಒತ್ತಿದರು. ಅವನು ಇಳಿದ. ಕಂಪ್ಯೂಟರಿನ ದನಿ ನಿಂತುಹೋಯಿತು. ಅದು ಸಾಹೇಬರಿಗೆ ಗೊತ್ತಾಗಲಿಲ್ಲ. ಇನ್ನೊಬ್ಬನನ್ನು ಇಳಿಸಿದರು, ಪ್ರಿಂಟರ್ ಮಾತು ಬಿಟ್ಟಿತು. ಮತ್ತೊಬ್ಬನನ್ನು ಕತ್ತು ಹಿಡಿದು ದಬ್ಬಿದಾಗ ಪರದೆಯ ಕೆಳಗಿನ ಪಟ್ಟಿಯೂ ಮೇಲಿದ್ದ ಚಿತ್ರಗಳೂ ಒಟ್ಟಿಗೇ ಮಾಯವಾಗಿ, ಬರೀ ನೀಲಿ ಉಳಿಯಿತು. ಒಳಗಿನಿಂದ ಬಂದ ಹೆಂಡತಿ ಬಾಗಿಲಲ್ಲೇ ನಿಂತಳು.

"ನನ್ನ ಪದಬಂಧ ಎಲ್ಲಿ?"

"ಒಂದು ನಿಮಿಷ ಇರು. ಕಳ್ಳರನ್ನ ಇಳಿಸ್ತಾ ಇದೀನಿ."

"ಡ್ರೈವರ್‌ನೇ ಇಳಿಸಿದೀರಿ," ಎಂದು ಆಕೆ ಬಂದು ಗುಂಡಿ ಒತ್ತಿ ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದಳು. ಇಳಿದವರೆಲ್ಲ ಏನೂ ಆಗದವರಂತೆ ಹತ್ತಿ ಕೂತರು. ಅವಳ ಅರ್ಧ ಹೆಣೆದ ಪದಬಂಧ ಮಾತ್ರ ಹತ್ತಲಿಲ್ಲ. ಆ ದಿನ ಮನೆಯಲ್ಲಿ ಮಾತುಕತೆಯೂ ಅಷ್ಟಕ್ಕಷ್ಟೇ ಇತ್ತು.

ಪೆಟ್ಟು ತಿಂದ ಸಾಹೇಬರು ಜಾಣರಾದರು. ಯಾರನ್ನೂ ಮುಟ್ಟದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬರೀ ನೋಡತೊಡಗಿದರು. ಹೀಗೆ ನೋಡುವಾಗಲೇ ಒಬ್ಬ ಅವರ ಕಣ್ಣಿಗೆ ಬಿದ್ದ. ಅವನು ಮಧ್ಯಾಹ್ನವಿಡೀ ಮುಸುಕು ಹೊದ್ದು ಮಲಗಿರುತ್ತಿದ್ದ. ರಮ್ಮಿ ತೆರೆದರೆ ಸಾಕು, ದಡಕ್ಕನೆ ಎದ್ದು ಯಂತ್ರದ ಅರ್ಧ ಶಕ್ತಿಯನ್ನು ತಾನೇ ನುಂಗುತ್ತಿದ್ದ. ತಡೆಯಲಾರದೆ ಅವನೊಬ್ಬನನ್ನು ಇಳಿಸಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಹಾಜರು. ಆಟ ಮುಗಿದರೆ ಮತ್ತೆ ನಿದ್ದೆ. ಇನ್ನೂ ವಿಚಿತ್ರವೆಂದರೆ, ಬೆಳಿಗ್ಗೆ ಹೆಂಡತಿ ಪದಬಂಧಕ್ಕೆ ಕೂತಾಗಲೂ ಅವನು ಎದ್ದು ಕೂತು ಇಣುಕುತ್ತಿದ್ದ.

"ಇವಳೇ, ಇಲ್ಲಿ ಬಾ. ಈ ಹೆಸರು ಓದು ನೋಡೋಣ."

ಆಕೆ ಬಗ್ಗಿ ಓದಿದಳು. "ಆರ್, ಎಂ, ಟಿ, ಎಚ್, ಎಲ್, ಪಿ, ಆರ್. ಸ್ವರ ಎಲ್ಲ ಕಿತ್ತು ವ್ಯಂಜನ ಮಾತ್ರ ಬಿಟ್ಟಿದಾರೆ." ಅಕ್ಷರ ಬಿಟ್ಟ ಜಾಗ ತುಂಬುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. "ರಿಮೋಟ್ ಹೆಲ್ಪರ್. ದೂರದಿಂದ ಸಹಾಯ ಮಾಡೋನು."

"ನನಗೆ ಯಾವನು ಸಹಾಯ ಮಾಡಿದ? ದಿನಾ ಸೋಲ್ತಾ ಇದೀನಿ."

ಅವನ ಹೆಸರಿನ ಮೇಲೆ ಒತ್ತಿ, ಅವನು ವಾಸವಿದ್ದ ಜಾಗ ತೆರೆದರು. ಪುಟ್ಟ ಚೌಕವೊಂದು ಮೂಡಿತು. ಈ ಪರದೆಯನ್ನು ನೋಡಲು ಅನುಮತಿ ಇರುವವರು: ಒಬ್ಬರು. ಪಕ್ಕದಲ್ಲಿ ಕನ್ನಡಕದ ಅಂಗಡಿಯ ಕಂಪ್ಯೂಟರಿನ ಹೆಸರು. ಹೋದ ಸಲ ಭಾವಮೈದುನ ಬಂದು, "ಧೂಳು ಹೊಡೀತೀನಿ ಭಾವ, ನೀವು ಆರಾಮಾಗಿ ಕಾಫಿ ಕುಡೀರಿ" ಅಂದಿದ್ದು ಇಬ್ಬರಿಗೂ ಒಟ್ಟಿಗೇ ನೆನಪಾಯಿತು.

"ಛೆ, ಏನೋ ಸಹಾಯಕ್ಕೆ ಅಂತ ಹಾಕಿರ್ತಾನೆ," ಎಂದು ಆಕೆ ತವರಿನ ಪರ ನಿಂತಳು. "ನಮ್ಮ ಕಡೆಯವರು ಅಂಥವರಲ್ಲ."

"ಹೌದೌದು. ದಿನಾ ಅಂಗಡೀಲಿ ಗಿರಾಕಿಗಳ ಎದುರು ನಿನ್ನ ಪದಬಂಧ ಪೆನ್ನು ಎತ್ತದೆ ತುಂಬ್ತಾನಂತಲ್ಲ, ಅದೂ ಸಹಾಯಕ್ಕೇ ಇರಬೇಕು."

'ಅಕ್ಕ ಹೆಣೆದದ್ದನ್ನ ಬಿಡಿಸೋಕೆ ನನಗೆ ಎರಡು ನಿಮಿಷ ಸಾಕು' ಎಂದು ತಮ್ಮ ಹೇಳಿಕೊಂಡು ತಿರುಗುತ್ತಿದ್ದುದು ಅವಳ ಕಿವಿಗೂ ಬಿದ್ದಿತ್ತು. ತನ್ನ ಪದಬಂಧ ಅಷ್ಟು ಸುಲಭವಾಯಿತೇ ಎಂದು ಎಷ್ಟೋ ದಿನ ಒಳಗೊಳಗೇ ಕೊರಗಿದ್ದಳು. ಗಂಡನ ಸೋಲಿಗೆ ಕರಗದವಳು ಈಗ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಅದನ್ನ ಕಿತ್ತು ಹಾಕಲಾ?" ಅಂದರು ಸಾಹೇಬರು.

"ಬೇಡ. ಇರಲಿ, ನೋಡಲಿ. ಚೆನ್ನಾಗಿ ನೋಡಲಿ."

ಮರುದಿನ ಆಕೆ ಎಂದಿನಂತೆ ಕಂಪ್ಯೂಟರಿನಲ್ಲಿ ಪದಬಂಧ ಹೆಣೆದಳು. ಮನೆಗಳೆಲ್ಲ ತುಂಬಿದ ಉತ್ತರವನ್ನು ಪರದೆಯ ಮೇಲೆ ಬಹಳ ಹೊತ್ತು ಬಿಟ್ಟು ಕೂತಳು. ಪಕ್ಕದಲ್ಲಿ ಸಾಹೇಬರು ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದರು. ಆಮೇಲೆ ಅದೇ ಮನೆಗಳಿಗೆ ಬೇರೆಯೇ ಪದಗಳನ್ನೂ ಸುಳಿವುಗಳನ್ನೂ ಕೈಯಲ್ಲಿ ಬರೆದು, ತಾನೇ ಪತ್ರಿಕೆಯ ಕಚೇರಿಗೆ ಹೋಗಿ ಕೊಟ್ಟು ಬಂದಳು.

ಅದು ಅಚ್ಚಾದ ಬೆಳಿಗ್ಗೆ ಸಾಹೇಬರ ಕನ್ನಡಕದ ಸ್ಕ್ರೂ ಇದ್ದಕ್ಕಿದ್ದಂತೆ ಸಡಿಲವಾಯಿತು. ನಿಜ ಹೇಳಬೇಕೆಂದರೆ ತಾವೇ ಸಡಿಲ ಮಾಡಿಕೊಂಡು ಅಂಗಡಿಗೆ ಹೋದರು.

"ಬನ್ನಿ ಭಾವ, ಕೂತ್ಕೊಳ್ಳಿ. ಇದೊಂದು ಮುಗಿಸಿಬಿಡ್ತೀನಿ," ಎಂದ ಭಾವಮೈದುನ. ಗಾಜಿನ ಮೇಜಿನ ಮೇಲೆ ಪತ್ರಿಕೆ ಹಾಸಿತ್ತು. ಕಣ್ಣು ತೋರಿಸಲು ಬಂದಿದ್ದ ಶಾಲೆಯ ಮೇಷ್ಟರೂ ಇನ್ನಿಬ್ಬರೂ ಮೆಚ್ಚುಗೆಯಿಂದ ಬಗ್ಗಿ ನೋಡುತ್ತಿದ್ದರು. ಪೆನ್ನು ಸರಸರ ಓಡುತ್ತಿತ್ತು. ಸುಳಿವಿನ ಕಡೆ ಅವನು ಕಣ್ಣೂ ಹಾಯಿಸಲಿಲ್ಲ.

"ಅದು ಹೇಗಪ್ಪಾ ಓದದೇನೇ ಬರೀತೀಯ?" ಅಂದರು ಮೇಷ್ಟರು.

"ಅಭ್ಯಾಸ ಸಾರ್. ಅಕ್ಕನ ತಲೆ ಹೇಗೆ ಓಡತ್ತೆ ಅಂತ ನನಗೆ ಗೊತ್ತಲ್ಲ."

ಸಾಹೇಬರು ಮೆಲ್ಲಗೆ ಕೆಮ್ಮಿದರು. "ಮೇಷ್ಟ್ರೇ, ನನಗೆ ಕನ್ನಡಕ ಇಲ್ಲ. ಸುಳಿವು ಸ್ವಲ್ಪ ಗಟ್ಟಿಯಾಗಿ ಓದ್ತೀರಾ? ನಾನೂ ಕಲಿಯೋಣ ಅಂತ."

ಮೇಷ್ಟರು ಪಾಠ ಓದುವ ದನಿಯಲ್ಲಿ ಓದಿದರು. "ಸೀನು ಬಂದಾಗ ಮೂಗಿಗೆ ಹಿಡಿಯುವುದು. ನಾಲ್ಕಕ್ಷರ." ಬಗ್ಗಿ ನೋಡಿದರು. "ಗರಗಸ."

ಪೆನ್ನು ಅಲ್ಲೇ ನಿಂತಿತು.

"ಮದುಮಗಳ ಕೆನ್ನೆಯಲ್ಲಿ ಕಾಣುವುದು, ಮೂರಕ್ಷರ. ಮೂಲಂಗಿ." ಮೇಷ್ಟರು ತಮ್ಮ ಕಣ್ಣನ್ನೇ ಅನುಮಾನಿಸಿ ಪತ್ರಿಕೆಯನ್ನು ಬೆಳಕಿಗೆ ಹಿಡಿದರು. "ಮಕ್ಕಳಿಗೆ ಶಾಲೆಯಲ್ಲಿ ಮೊದಲು ಕಲಿಸುವುದು, ನಾಲ್ಕಕ್ಷರ. ಕಳ್ಳತನ." ಅವರ ಮುಖ ಗಂಟಿಕ್ಕಿತು. "ಇದೇನಯ್ಯಾ? ನಾನು ಇಷ್ಟು ವರ್ಷ ಕಲಿಸಿದ್ದು ಇದನ್ನೇನು?"

ಉಳಿದಿಬ್ಬರು ಹೊಟ್ಟೆ ಹಿಡಿದುಕೊಂಡರು. ಭಾವಮೈದುನ ಪತ್ರಿಕೆ ನೋಡಿದ, ಮೇಷ್ಟರನ್ನು ನೋಡಿದ, ಕೊನೆಗೆ ಭಾವನನ್ನು ನೋಡಿದ. ಭಾವ ಸಡಿಲವಾದ ಕನ್ನಡಕವನ್ನು ಬಟ್ಟೆಯಿಂದ ಬಹಳ ಶ್ರದ್ಧೆಯಿಂದ ಒರೆಸುತ್ತಿದ್ದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದದ್ದು ಊರಿಗೆಲ್ಲ ಕಾಣುತ್ತಿತ್ತೆಂದು ಅವನಿಗೆ ಆಗ ಹೊಳೆಯಿತು. ಕಿವಿ ಕೆಂಪಾಯಿತು.

ಆ ಸಂಜೆ ಅವನೇ ಅಕ್ಕನ ಮನೆಗೆ ಬಂದ. ಕೈಯಲ್ಲಿ ಒಂದು ಮೆತ್ತನೆಯ ಬ್ರಷ್ಷು.

"ಧೂಳು ಕೂತಿರಬಹುದು ಅಂತ ಬಂದೆ ಅಕ್ಕಾ."

"ಕೂತಿದೆ," ಎಂದಳು ಅಕ್ಕ. "ನೀನೇ ಕೂರಿಸಿದ್ದು. ನೀನೇ ತೆಗಿ."

ಅವನು ತಲೆ ಎತ್ತದೆ ಕೂತು ಆ ಸಹಾಯಕನನ್ನು ಬೇರುಸಹಿತ ಕಿತ್ತ. ಯಂತ್ರದ ಏದುಸಿರು ನಿಂತಿತು. ಒತ್ತಿದ ಅಕ್ಷರ ಒತ್ತಿದ ಕೂಡಲೇ ಮೂಡಿತು. ಸಾಹೇಬರು ಹಿಂದೆ ಕೈಕಟ್ಟಿ ನಿಂತು, ಬೋಗಿ ಖಾಲಿ ಮಾಡಿಸಿದ ಗತ್ತಿನಲ್ಲಿ ನೋಡಿದರು.

"ಈಗ ಬಾರಪ್ಪ. ಕಂಪ್ಯೂಟರು ಬೇಡ. ಎದುರೆದುರು ಕೂತು ಆಡೋಣ."

ಊಟದ ಮೇಜಿನ ಮೇಲೆ ನಿಜವಾದ ಎಲೆಗಳು ಬಿದ್ದವು. ಸಾಹೇಬರು ತಮ್ಮ ಎಲೆಗಳನ್ನು ಎದೆಗೆ ಒತ್ತಿ ಹಿಡಿದರು. ಹಿಂದೆ ಕನ್ನಡಿಯಿಲ್ಲವಷ್ಟೆ ಎಂದು ಎರಡು ಸಲ ತಿರುಗಿ ನೋಡಿದರು. ಮೊದಲನೆಯ ಆಟ ಭಾವಮೈದುನ ಗೆದ್ದ. ಎರಡನೆಯದನ್ನೂ ಗೆದ್ದ. ಮೂರನೆಯದನ್ನು ಸೋಲಲು ಅವನು ಪಾಪ ಬಹಳ ಪ್ರಯತ್ನಪಟ್ಟ. ಆದರೆ ಬೇಕಾದ ಎಲೆಯನ್ನೇ ಸಾಹೇಬರು ತಾವಾಗಿ ಎತ್ತಿ ಅವನ ಮುಂದೆ ಎಸೆದರು.

ಪದಬಂಧದವಳು ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು.

"ರೀ," ಎಂದಳು, "ಆ ಹೆಲ್ಪರನ್ನ ಅಲ್ಲೇ ಬಿಟ್ಟಿದ್ರೆ ಸೋತಿದ್ದಕ್ಕೆ ಒಂದು ಕಾರಣನಾದ್ರೂ ಇರ್ತಿತ್ತು."

ಸಾಹೇಬರು ಎಲೆಗಳನ್ನು ಒಟ್ಟುಮಾಡಿ ಕಲೆಸಿ, ಮತ್ತೆ ಹಂಚಿದರು.