ಮುಳ್ಳುಹೂ ಇಟ್ಟ ಕುರ್ಚಿ

ನಮ್ಮ ನೆದರ್‌ವಿಕ್ಕಿನಲ್ಲಿ ನೋಡುವಂಥದ್ದು ಮೂರೇ: ವಾಲಿದ ಗಂಟೆಗೋಪುರ, ಹಿಂದೆ ಕುಡುಕರನ್ನು ಕೂಡಿಹಾಕುತ್ತಿದ್ದ ಕಲ್ಲಿನ ಗೂಡು ಮತ್ತು ರಾಜನ ಕುರ್ಚಿ. ಯುದ್ಧದಲ್ಲಿ ಸೋತು ಓಡುತ್ತಿದ್ದ ರಾಜನೊಬ್ಬ ಈ ಹಳೆಯ ಮನೆಗೆ ನುಗ್ಗಿ, ಆ ಕುರ್ಚಿಯಲ್ಲಿ ಕೂತು ಸೂಪು ಕುಡಿದನಂತೆ. ಅಷ್ಟೇ. ಅದಕ್ಕೇ ಬಸ್ಸುಗಟ್ಟಲೆ ಜನ ಬರುತ್ತಾರೆ.

ಈಗ ಆ ಮನೆಯನ್ನು ಊರಿನ ಸಮಿತಿಯೊಂದು ನೋಡಿಕೊಳ್ಳುತ್ತದೆ, ಕುರ್ಚಿ ಇರುವ ಕೋಣೆಗೆ ನಾನು ಕಾವಲು. ಸಂಬಳವಿಲ್ಲ, ಎದೆಯ ಮೇಲೆ ‘ಎನಿಡ್’ ಅಂತ ಒಂದು ಬಿಲ್ಲೆ ಉಂಟು. ಕೂರಬೇಡಿ ಎಂದು ಬೋರ್ಡು ಹಾಕಿದರೆ ನಮ್ಮವರಿಗೆ ಅದು ಒರಟುತನ. ಹಾಗಾಗಿ ಹಳೆಯ ಕುರ್ಚಿಗಳ ಮೇಲೆ ಒಂದು ಒಣಗಿದ ಮುಳ್ಳುಹೂ ಇಡುತ್ತೇವೆ. ಕೂತವರಿಗೆ ತಾನಾಗಿಯೇ ಬುದ್ಧಿ ಬರುತ್ತದೆ. ಕಾವಲಿನವರೇ ರಾಜನ ಕುರ್ಚಿಯಲ್ಲಿ ಕೂತರೆ ಅವತ್ತೇ ಬಿಲ್ಲೆ ಬಿಚ್ಚಿಟ್ಟು ಮನೆಗೆ ಹೋಗಬೇಕು. ಇದು ಸಮಿತಿಯ ಅಧ್ಯಕ್ಷೆ ಮಿಸೆಸ್ ಗೋಸ್‌ಲಿಂಗ್ ಅವರ ಕಾನೂನು. ಬೂಟಿನ ದಾರ ಕಟ್ಟಲು ಅರೆಗಳಿಗೆ ಕೂತ ಪಾದ್ರಿಯನ್ನೂ ಅವರು ಬಿಟ್ಟಿರಲಿಲ್ಲ.

ನಾನು ಕೂರುತ್ತಿದ್ದುದು ನನ್ನ ಗಂಡ ಪರ್ಸಿಯ ಕುರ್ಚಿಯಲ್ಲಿ. ಅವನು ಹೋಗಿ ಎರಡು ವರ್ಷ. ಅಡುಗೆಮನೆಯಲ್ಲಿ ಅದು ಖಾಲಿ ಇರುವುದನ್ನು ನೋಡಲಾರದೆ ಇಲ್ಲಿಗೆ ತಂದು, ದಿಂಬು ಹಾಕಿ ಮೂಲೆಯಲ್ಲಿ ಇಟ್ಟುಕೊಂಡಿದ್ದೆ. ಅದು ರಾಜನ ಕುರ್ಚಿಯ ನಕಲು. ನಮ್ಮೂರಿನ ಬಡಗಿಗಳು ತಲೆಮಾರುಗಳಿಂದ ಅದನ್ನೇ ಮಾಡಿ ಮಾರಿದ್ದಾರೆ, ಅರ್ಧ ಊರಿನ ಮನೆಗಳಲ್ಲಿ ಒಂದೊಂದು ಇದೆ.

ಈ ಮಧ್ಯೆ ದೊಡ್ಡ ಪಟ್ಟಣದ ವಸ್ತುಸಂಗ್ರಹಾಲಯದವರು ಕಾಗದ ಬರೆದರು. ಇಲ್ಲಿ ಗೋಡೆ ಒದ್ದೆಯಂತೆ, ಕುರ್ಚಿಗೆ ಹುಳು ಹಿಡಿಯುತ್ತದಂತೆ, ಇನ್ನು ಅದು ಅವರ ಗಾಜಿನ ಪೆಟ್ಟಿಗೆಯಲ್ಲೇ ಇರಬೇಕಂತೆ. ಮಿಸೆಸ್ ಗೋಸ್‌ಲಿಂಗ್ ಹನ್ನೊಂದು ಪತ್ರ ಬರೆದು ಜಗಳವಾಡಿದರು. ಗೋರ್ಕಲ್ಲ ಮೇಲೆ ಮಳೆ ಸುರಿದಂತಾಯಿತು.

ಸೋಮವಾರ ವ್ಯಾನು ಬಂತು. ಮಿಸೆಸ್ ಗೋಸ್‌ಲಿಂಗ್ ಸಿಟ್ಟಿನಿಂದ ಮೂಲೆಯ ನನ್ನ ಕುರ್ಚಿಯಲ್ಲಿ ಕುಸಿದು ಚಹಾ ಕುಡಿಯುತ್ತಿದ್ದರು. ವ್ಯಾನಿನವನು ಮುಳ್ಳುಹೂವನ್ನು ಪಕ್ಕಕ್ಕಿಟ್ಟು, ಕಂಬಳಿ ಸುತ್ತಲು ರಾಜನ ಕುರ್ಚಿಯನ್ನು ಮಗುಚಿ ಹಾಕಿದ.

ಮುಂಗಾಲಿನ ಒಳಮಗ್ಗುಲಲ್ಲಿ ಹಲ್ಲಿನ ಗುರುತು. ನಮ್ಮ ನಾಯಿ ಬಿಸ್ಕೆಟ್ ಮರಿಯಾಗಿದ್ದಾಗ ಕಡಿದದ್ದು.

ಮೂರು ವಾರದ ಹಿಂದೆ ನಮ್ಮ ಕೆಲಸದ ಹುಡುಗ ಆರ್ಚೀ ನೆಲ ಉಜ್ಜಲು ಕುರ್ಚಿಗಳನ್ನು ಹೊರಗಿಟ್ಟು, ಮತ್ತೆ ಒಳಗಿಡುವಾಗ ಅದಲುಬದಲು ಮಾಡಿದ್ದ. ದಿಂಬು ರಾಜನದಕ್ಕೆ, ಮುಳ್ಳು ಪರ್ಸಿಯದಕ್ಕೆ. ಅವತ್ತಿನಿಂದ ನನ್ನ ಸೊಂಟನೋವು ಕಡಿಮೆಯಾಗಿತ್ತು, ಹೊಸ ಮುಲಾಮಿನ ಗುಣ ಅಂದುಕೊಂಡಿದ್ದೆ. ತೋಳಿನ ಸವೆತ ತೋರಿಸಿ, ರಾಜ ಮೊಣಕೈ ಊರಿ ಅತ್ತ ಜಾಗ ಎಂದು ಬಂದವರಿಗೆಲ್ಲ ಹೇಳಿದ್ದೆ. ಅದು ಪರ್ಸಿ ರೇಡಿಯೋದಲ್ಲಿ ಕ್ರಿಕೆಟ್ ಕೇಳುತ್ತ ಸವೆಸಿದ್ದು. ನಲವತ್ತು ವರ್ಷ ಅವನಿಗೆ ಮೊಟ್ಟೆ ಬೇಯಿಸಿ ಹಾಕಿದವಳಿಗೆ ಅವನ ಕುರ್ಚಿ ಗುರುತು ಸಿಗಲಿಲ್ಲ. ನಾಚಿಕೆಯಿಂದ ಸಾಯುವಂತಾಯಿತು.

ಮಿಸೆಸ್ ಗೋಸ್‌ಲಿಂಗ್ ಕಿವಿಯಲ್ಲಿ ಎಲ್ಲ ಹೇಳಿದೆ. ಅವರು ತಾವು ಕೂತದ್ದನ್ನು ಒಮ್ಮೆ ನೋಡಿಕೊಂಡರು. ಏಳಲಿಲ್ಲ.

“ಎನಿಡ್, ಬಾಯಿ ಮುಚ್ಕೊಂಡಿರಿ,” ಎಂದರು ಮೆಲ್ಲಗೆ. “ಅವರು ಅದನ್ನೇ ಒಯ್ಲಿ. ರಾಜಂದು ಊರಲ್ಲೇ ಉಳಿಯುತ್ತೆ, ನಿಮ್ಮ ಬಿಲ್ಲೆನೂ ಉಳಿಯುತ್ತೆ. ಪರ್ಸಿಗೂ ಗಾಜಿನ ಪೆಟ್ಟಿಗೆ. ಇನ್ನೇನು ಬೇಕು?”

“ಲಿಫ್ಟಲ್ಲೇ ಉಸಿರು ಕಟ್ಟುತ್ತೆ ಅಂತಿದ್ದೋನು ಅವನು. ಗಾಜಿನೊಳಗೆ ಇರ್ತಾನಾ?”

“ಊರಿನ ಮಾನದ ಪ್ರಶ್ನೆ ಕಣ್ರೀ.”

ಅಷ್ಟರಲ್ಲಿ ವ್ಯಾನಿನವನು ಕುರ್ಚಿ ನೆಟ್ಟಗೆ ನಿಲ್ಲಿಸಿ, ಮರ್ಯಾದೆಯಿಂದ ಮುಳ್ಳುಹೂ ಮತ್ತೆ ಅದರ ಮೇಲಿಟ್ಟು, ಹಗ್ಗ ತರಲು ತಿರುಗಿದ. ಊರಿನ ಮಾನ ಮಣ್ಣುಪಾಲಾಗಲಿ ಎನಿಸಿತು. ಹೋಗಿ ಕೂತುಬಿಟ್ಟೆ. ಮುಳ್ಳು ತೆಗೆಯುವುದು ನೆನಪಾಗಲಿಲ್ಲ.

“ಅಮ್ಮಾ, ಅದ್ರಲ್ಲಿ ಕೂರೋ ಹಾಗಿಲ್ಲ,” ಎಂದ ಅವನು.

“ಇದು ನನ್ ಗಂಡಂದು,” ಎಂದೆ. ಕಣ್ಣಲ್ಲಿ ನೀರು ಬಂತು. ಪೂರ್ತಿ ಮುಳ್ಳಿನಿಂದ ಬಂದದ್ದಲ್ಲ.

ಕೊನೆಗೆ ಮಿಸೆಸ್ ಗೋಸ್‌ಲಿಂಗ್ ಚಹಾ ಮುಗಿಸಿ, ಎದ್ದು, ದಿಂಬು ಎತ್ತಿಕೊಂಡರು.

“ರಾಜನ ಕುರ್ಚಿ ಇದು, ಇದನ್ನ ತಗೊಂಡು ಹೋಗಪ್ಪ,” ಎಂದರು. “ಈಗ ತಾನೇ ಬೆಚ್ಚಗೆ ಮಾಡಿಟ್ಟಿದ್ದೀನಿ.”

ವ್ಯಾನು ಹೋದ ಮೇಲೆ ಅವರು ನನ್ನತ್ತ ಕೈಚಾಚಿದರು. ಬಿಲ್ಲೆ ಬಿಚ್ಚಿ ಕೊಟ್ಟೆ. ಆಮೇಲೆ ತಮ್ಮದನ್ನೂ ಬಿಚ್ಚಿ ಅದರ ಪಕ್ಕ ಮೇಜಿನ ಮೇಲಿಟ್ಟರು. ಕಾನೂನು ಅಂದರೆ ಕಾನೂನು.

ಬಾಗಿಲಲ್ಲಿ ನಿಂತಿದ್ದ ಆರ್ಚೀ, “ಹಾಗಾದ್ರೆ ನಾಳೆ ನಾನೊಬ್ನೇನಾ? ಕುರ್ಚಿಗಳ ಜೊತೆ?” ಎಂದ.

ನಾವಿಬ್ಬರೂ ತಕ್ಷಣ ಬಿಲ್ಲೆ ಸಿಕ್ಕಿಸಿಕೊಂಡೆವು.

ಪರ್ಸಿಯ ಕುರ್ಚಿ ಈಗ ಅಡುಗೆಮನೆಗೆ ವಾಪಸು ಬಂದಿದೆ. ಬೆಳಿಗ್ಗೆ ಮೊಟ್ಟೆ ತಿನ್ನುವಾಗ ನಾನೇ ಅದರಲ್ಲಿ ಕೂರುತ್ತೇನೆ. ಶನಿವಾರ ಮಿಸೆಸ್ ಗೋಸ್‌ಲಿಂಗ್ ಚಹಾಕ್ಕೆ ಬರುವಾಗ ಮಾತ್ರ ಅದರ ಮೇಲೆ ಒಂದು ಮುಳ್ಳುಹೂ ಇಟ್ಟಿರುತ್ತೇನೆ.